ಒಂಟೆಯ ಕಜ್ಜಿಗೆ ಎರಡನೇ ಇಂಜೆಕ್ಷನ್

ಪಶುವೈದ್ಯನಾಗಿ ನಾನು ಮೊದಲು ಚಿಕಿತ್ಸೆ ಕೊಟ್ಟ ಕಜ್ಜಿ ಒಂಟೆ ಮೇವನ್ನೇ ಬಿಟ್ಟಿತ್ತು. ಹಗಲೂ ರಾತ್ರಿ ಮರಕ್ಕೆ ಮೈ ಉಜ್ಜುವುದು, ತೊಡೆಸಂದಿ ಕಚ್ಚಿಕೊಳ್ಳುವುದು. ಕುತ್ತಿಗೆಯಲ್ಲಿ ಕೂದಲುದುರಿ ಚರ್ಮ ದಪ್ಪಗಟ್ಟಿ ಮಡಿಕೆ ಬಿದ್ದಿತ್ತು. ನುಸಿ ಕೊಲ್ಲುವ ಐವರ್‌ಮೆಕ್ಟಿನ್ ಚುಚ್ಚಿದೆ, ಕೆಲವೇ ದಿನಗಳಲ್ಲಿ ತುರಿಕೆ ತಗ್ಗಿತು. ವಾಸಿಯಾಯಿತೆಂದು ನಾನೂ ನಂಬಿದೆ, ಸಾಕಿದವರೂ ನಂಬಿದರು. ಒಂದೂವರೆ ತಿಂಗಳಲ್ಲಿ ತಾಯಿಯ ಜೊತೆ ಮರಿಯೂ ಮರ ಉಜ್ಜುತ್ತಿತ್ತು.

ತಪ್ಪು ನನ್ನದೇ. ಈ ಕಜ್ಜಿ ತರುವ ಸಾರ್ಕಾಪ್ಟಿಸ್ ನುಸಿ ಚರ್ಮದೊಳಗೆ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಔಷಧಿಗೆ ನುಸಿ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಅದು ಒಡೆದು, ಬೆಳೆದು, ಮತ್ತೆ ಮೊಟ್ಟೆಯಿಡಲು ಎರಡು-ಮೂರು ವಾರ ಸಾಕು. ಅಷ್ಟರೊಳಗೆ, 14ನೇ ದಿನ, ಎರಡನೇ ಇಂಜೆಕ್ಷನ್ ಬೀಳಲೇಬೇಕಿತ್ತು.

ಅಂದಿನಿಂದ ಕೆರೆದು ನೋಡದೆ ಮದ್ದು ಕೊಡುವುದಿಲ್ಲ. ಗಾಯದ ನಡುವೆ ಅಲ್ಲ, ಗಾಯ ಮತ್ತು ಒಳ್ಳೆಯ ಚರ್ಮ ಸೇರುವ ಅಂಚಿನಲ್ಲಿ, ರಕ್ತ ಜಿನುಗುವವರೆಗೆ ಕೆರೆಯುತ್ತೇನೆ. ಆ ಪುಡಿಯನ್ನು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ತುಸು ಬೆಚ್ಚಗೆ ಮಾಡಿ ಸೂಕ್ಷ್ಮದರ್ಶಕದಡಿ ಇಟ್ಟರೆ ಎಂಟು ಕಾಲಿನ ದುಂಡು ನುಸಿ ಸಿಗುತ್ತದೆ. ಮರಿಗಳಲ್ಲಿ ದುಂಡು ಬಿಲ್ಲೆಯಂತೆ ಕೂದಲುದುರಿ, ತುರಿಕೆ ಅಷ್ಟಿಲ್ಲದಿದ್ದರೆ ಹುಳುಕಡ್ಡಿಯೇ ಹೆಚ್ಚು. ಅದು ಶಿಲೀಂಧ್ರ, ಐವರ್‌ಮೆಕ್ಟಿನ್‌ಗೆ ಜಗ್ಗದು.

ಪ್ರಮಾಣ ಕಿಲೋಗೆ 0.2 ಮಿಲಿಗ್ರಾಂ, ಚರ್ಮದಡಿಗೆ. ತೂಕವನ್ನು ಕಣ್ಣಂದಾಜಿಗೆ ಬಿಟ್ಟರೆ ಮದ್ದು ಕಡಿಮೆ ಬೀಳುತ್ತದೆ. ನಾನು ಟೇಪು ಹಿಡಿಯುತ್ತೇನೆ: ಭುಜದ ಎತ್ತರ, ಎದೆಯ ಸುತ್ತಳತೆ, ಡುಬ್ಬದ ಮೇಲಿಂದ ಹೊಟ್ಟೆಯ ಸುತ್ತಳತೆ, ಮೂರೂ ಮೀಟರಿನಲ್ಲಿ. ಇವನ್ನು ಗುಣಿಸಿ 50ರಿಂದ ಮತ್ತೆ ಗುಣಿಸಿದರೆ ಸುಮಾರು ತೂಕ. 400 ಕಿಲೋ ಬಂದರೆ ಶೇ. 1ರ ಔಷಧಿ 8 ಮಿಲಿ. ಹಾಲು ಕೊಡುವ ಒಂಟೆಯಾದರೆ ಆ ಹಾಲನ್ನು ಯಾರೂ ಕುಡಿಯಬಾರದೆಂದು ಮೊದಲೇ ಹೇಳಿಬಿಡುತ್ತೇನೆ.

ಕಜ್ಜಿಗೆ ಮದ್ದೆಂದು ಸುಟ್ಟ ಇಂಜಿನ್ ಆಯಿಲ್ ಬಳಿದ ಒಂಟೆಗಳನ್ನು ಕಂಡಾಗ ಸಂಕಟವಾಗುತ್ತದೆ. ಮೊದಲೇ ಬಿರಿದ ಚರ್ಮ ಅದರಿಂದ ಉರಿದುಹೋಗುತ್ತದೆ.

ಆ ಮನೆಯಲ್ಲಿ ಎರಡನೇ ಸಲ ತಾಯಿ-ಮರಿಗೆ ಮಾತ್ರವಲ್ಲ, ಜೊತೆಗಿದ್ದ ಎಲ್ಲ ಒಂಟೆಗಳಿಗೂ ಒಂದೇ ದಿನ ಚುಚ್ಚಿದೆ. ಜೀನು, ಹಗ್ಗ, ಹೊದಿಕೆಗಳನ್ನು ಕುದಿನೀರಿನಲ್ಲಿ ತೊಳೆಸಿದೆ. ನನ್ನ ಮುಂಗೈ ತುರಿಸತೊಡಗಿತ್ತು, ಈ ನುಸಿ ಮನುಷ್ಯರಿಗೂ ಹತ್ತುತ್ತದೆ. ಕೈಗವಸು ಹಾಕುವ ರೂಢಿ ಅಲ್ಲಿಂದಲೇ. 14ನೇ ದಿನ ಯಾರೂ ಕರೆಯದೆ ನಾನೇ ಹೋದೆ. ಎರಡನೇ ಸುತ್ತಿನ ಇಂಜೆಕ್ಷನ್ ಆಗಿ ತಿಂಗಳ ಮೇಲೆ ಮತ್ತೆ ಅಂಚು ಕೆರೆದು ನೋಡಿದಾಗ ಒಂದೂ ನುಸಿ ಕಾಣಲಿಲ್ಲ. ಕುತ್ತಿಗೆಯ ಮಡಿಕೆಗಳ ನಡುವೆ ಮೆತ್ತನೆಯ ಹೊಸ ಕೂದಲು ಮೂಡಿತ್ತು.