ಅಕ್ಕಿ ಮೂಟೆಯ ಮೇಲೆ ಬಿದ್ದ ತೆರಿಗೆ

ಡಲ್ಲಾಸ್‌ನ ದಿನಸಿ ಅಂಗಡಿಯೊಂದರ ಬಿಲ್ಲಿನಲ್ಲಿ 24 ಡಾಲರಿನ ಸೋನಾ ಮಸೂರಿ ಮೂಟೆಗೆ 1.98 ಡಾಲರ್ ಮಾರಾಟ ತೆರಿಗೆ ಸೇರಿತ್ತು. ಆ ಸಾಲಿನ ಕೊನೆಗೆ ‘ಟಿ’ ಎಂಬ ಪುಟ್ಟ ಅಕ್ಷರ, ತೆರಿಗೆ ಹಾಕಲಾಗಿದೆ ಎಂಬ ಗುರುತು. ದರವೇನೋ ಸರಿ: ಟೆಕ್ಸಾಸ್ ರಾಜ್ಯದ್ದು ಶೇ 6.25, ನಗರದ್ದು ಶೇ 1, ಸ್ಥಳೀಯ ಸಾರಿಗೆ ಪ್ರಾಧಿಕಾರದ್ದು ಶೇ 1, ಒಟ್ಟು 8.25. ಆದರೆ ಅಲ್ಲಿ ಅಕ್ಕಿ, ಬೇಳೆ, ಹಿಟ್ಟು, ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ಬಿಸಿ ಸಮೋಸಾ, ತಂಪು ಪಾನೀಯ, ಊದುಬತ್ತಿಗೆ ಇದೆ.

ಮರುದಿನ ಬಿಲ್ಲು ಹಿಡಿದು ಹೋದೆ. ಬಿಲ್ಲಿಂಗ್ ಯಂತ್ರದಲ್ಲಿ ಆ ಹೊಸ ಮೂಟೆ ‘ಇತರೆ ಸಾಮಾನು’ ಪಟ್ಟಿಗೆ ಸೇರಿಹೋಗಿತ್ತು. ಮಾಲೀಕರು ನನ್ನೆದುರೇ ತಿದ್ದಿ, ಹಣ ಹಿಂತಿರುಗಿಸಿದರು. ಮೊತ್ತ ಚಿಕ್ಕದು, ನಿಜ. ಆದರೆ ತಿಂಗಳು ತಿಂಗಳೂ ಅದೇ ಮೂಟೆ ಒಯ್ಯುವ ಮನೆಗಳು ಎಷ್ಟಿವೆ!