ಸಂದೇಶ ಎರಡು ಸಲ ಬಂದರೂ ದುಡ್ಡು ಒಂದೇ ಸಲ ಹೋಗಬೇಕು

ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಮುಗಿದ ಮೇಲೆ ಮೂರು ಕೆಲಸ ಇವೆ. ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಬರೆಯಬೇಕು, ರೈತರ ಖಾತೆಗೆ ಹಣ ಹಾಕಬೇಕು, ಎಸ್ಸೆಮ್ಮೆಸ್ ಕಳಿಸಬೇಕು. ಮೂರಕ್ಕೂ ಮೂರು ಪ್ರೋಗ್ರಾಂ ಇವೆ ಅಂದುಕೊಳ್ಳಿ. ಒಂದು ಇನ್ನೊಂದನ್ನು ನೇರವಾಗಿ ಕರೆದು ಉತ್ತರಕ್ಕೆ ಕಾಯುತ್ತಿದ್ದರೆ, ಎಸ್ಸೆಮ್ಮೆಸ್ ಸರ್ವರ್ ಕೈಕೊಟ್ಟಾಗ ಪಟ್ಟಿಯೂ ನಿಲ್ಲುತ್ತದೆ. ಅದಕ್ಕೇ ನಡುವೆ ಒಂದು ಕ್ಯೂ ಬೇಕು. ಕ್ಯೂ ಅಂದರೆ ಒಂದು ಪ್ರೋಗ್ರಾಂ ಹಾಕಿದ ಸಂದೇಶವನ್ನು ಇನ್ನೊಂದು ಬಂದು ತೆಗೆದುಕೊಳ್ಳುವ ತನಕ ಸಾಲಿನಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ.

ಮೊದಲು ಕ್ಯೂ ಆರಿಸಿಕೊಳ್ಳಿ. ಲಿಂಕ್ಡ್‌ಇನ್ 2011ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಕಾಫ್ಕಾ ಅನ್ನುವ ಕ್ಯೂ, ಓದಿ ಮುಗಿದ ಸಂದೇಶವನ್ನೂ ಸಾಮಾನ್ಯವಾಗಿ 7 ದಿನ ಇಟ್ಟುಕೊಳ್ಳುತ್ತದೆ. ಆದರೆ ಒಂದು ಮಂಡಿಗೆ ಅದು ಹತ್ತು ಬಾಕ್ಸಿಗೆ ಲಾರಿ ಕರೆದ ಹಾಗೆ. 2007ರಿಂದ ಇರುವ ರ‍್ಯಾಬಿಟ್‌ಎಂಕ್ಯೂ ಸಾಕು. ಅದರಲ್ಲಿ ಕ್ಯೂವನ್ನು ‘ಡ್ಯೂರಬಲ್’ (ಸರ್ವರ್ ಮತ್ತೆ ಶುರುವಾದರೂ ಉಳಿಯುವ ಹಾಗೆ) ಮಾಡಿ, ಸಂದೇಶವನ್ನೂ ‘ಪರ್ಸಿಸ್ಟೆಂಟ್’ (ಡಿಸ್ಕಿಗೆ ಬರೆದಿಡುವ ಹಾಗೆ) ಮಾಡಿ. ಒಂದನ್ನೇ ಮಾಡಿದರೆ ಸರ್ವರ್ ಮತ್ತೆ ಶುರುವಾದಾಗ ಸಂದೇಶ ಮಾಯ.

ಎರಡನೆಯದು, ಕೆಲಸ ಮುಗಿದ ಮೇಲಷ್ಟೇ ‘ಆಕ್’ ಕಳಿಸಿ. ಆಕ್ ಅಂದರೆ ‘ಮುಗಿಯಿತು’ ಅನ್ನುವ ಉತ್ತರ. ಅದು ಬರದಿದ್ದರೆ ಕ್ಯೂ ಅದೇ ಸಂದೇಶವನ್ನು ಮತ್ತೆ ಕೊಡುತ್ತದೆ.

ನಾನು ಎಡವಿದ್ದು ಇಲ್ಲೇ. ಹಣ ಹೋಯಿತು, ಆಕ್ ಹೋಗುವಷ್ಟರಲ್ಲಿ ಕರೆಂಟ್ ಹೋಯಿತು. ವಾಪಸ್ ಬಂದಾಗ ಅದೇ ಸಂದೇಶ, ಅದೇ ಹಣ ಇನ್ನೊಂದು ಸಲ. ಬೆಳಿಗ್ಗೆ ರೈತರೇ ಮಂಡಿಗೆ ಬಂದು, “ಸಾರ್, ದುಡ್ಡು ಎರಡು ಸಲ ಬಿದ್ದೈತೆ, ನೋಡಿ” ಅಂದರು. ಎಲ್ಲರೂ ಹಾಗೆ ಬಂದು ಹೇಳುತ್ತಾರೆ ಅಂತ ನಂಬಿ ಕೂರಕ್ಕಾಗಲ್ಲ, ಅಲ್ವಾ?

ಹಾಗಾಗಿ ಪ್ರತಿ ಪಟ್ಟಿಗೂ ಒಂದು ನಂಬರ್ ಕೊಡಿ. ಅದು ಹರಾಜಿನ ಹೊತ್ತಿಗೇ ಹುಟ್ಟಬೇಕು. ಪ್ರತಿ ಪ್ರಯತ್ನಕ್ಕೂ ಹೊಸ ನಂಬರ್ ಕೊಟ್ಟರೆ ಮಾಡಿದ್ದೆಲ್ಲ ದಂಡ. ನಿಮ್ಮ ಡೇಟಾಬೇಸಿನಲ್ಲಿ ಆ ನಂಬರನ್ನು ‘ಯುನಿಕ್’ ಮಾಡಿ, ಅಂದರೆ ಅದೇ ನಂಬರ್ ಎರಡನೇ ಸಲ ಬಂದರೆ ಡೇಟಾಬೇಸ್ ಒಪ್ಪಬಾರದು. ಖಾತೆಯ ಲೆಕ್ಕ ಬರೆಯುವ ಟ್ರಾನ್ಸಾಕ್ಷನ್‌ನಲ್ಲೇ ಅದನ್ನೂ ಬರೆಯಿರಿ, ಆಗ ಬರೆದರೆ ಎರಡೂ ಬರೆದಂತೆ, ಇಲ್ಲದಿದ್ದರೆ ಎರಡೂ ಇಲ್ಲ. ಬ್ಯಾಂಕು ನಿಮ್ಮ ಡೇಟಾಬೇಸಿನ ಹೊರಗಿದೆ. ಅದಕ್ಕೆ ಇದೇ ನಂಬರನ್ನು ರೆಫರೆನ್ಸ್ ಆಗಿ ಕಳಿಸಿ. ಅದೇ ನಂಬರ್ ಮತ್ತೆ ಬಂದರೆ ಅವರ ಸಿಸ್ಟಂ ತಿರಸ್ಕರಿಸುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ.

ಕಳಿಸುವ ಕಡೆಯೂ ಒಂದು ತೂತು ಇದೆ. ಪಟ್ಟಿ ಡೇಟಾಬೇಸಿಗೆ ಬಿತ್ತು, ಕ್ಯೂಗೆ ಹಾಕುವ ಮೊದಲೇ ಪ್ರೋಗ್ರಾಂ ಸತ್ತಿತು. ಆಗ ಹಣ ಹೋಗುವುದೇ ಇಲ್ಲ. ಅದಕ್ಕೆ ‘ಔಟ್‌ಬಾಕ್ಸ್’ ಅಂತ ಒಂದು ಟೇಬಲ್ ಇಟ್ಟು, ಪಟ್ಟಿ ಬರೆಯುವ ಟ್ರಾನ್ಸಾಕ್ಷನ್‌ನಲ್ಲೇ ಸಂದೇಶವನ್ನೂ ಅದರಲ್ಲಿ ಬರೆಯಿರಿ. ಇನ್ನೊಂದು ಸಣ್ಣ ಪ್ರೋಗ್ರಾಂ ಅದನ್ನು ಓದಿ ಕ್ಯೂಗೆ ಹಾಕಲಿ. ಕ್ಯೂ ‘ಸಿಕ್ಕಿತು’ ಅಂದ ಮೇಲೆ ಗುರುತು ಹಾಕಿಕೊಳ್ಳಲಿ.

ಎಸ್ಸೆಮ್ಮೆಸ್ ಹೋಗದಿದ್ದರೆ 1, 2, 4, 8 ಸೆಕೆಂಡ್ ಹೀಗೆ ಬಿಡುವು ಜಾಸ್ತಿ ಮಾಡುತ್ತಾ ಮತ್ತೆ ಕಳಿಸಿ. ಐದು ಸಲವೂ ಆಗದಿದ್ದರೆ ಡೆಡ್ ಲೆಟರ್ ಕ್ಯೂಗೆ, ಅಂದರೆ ಕೆಲಸ ಆಗದ ಸಂದೇಶಗಳನ್ನು ಬೇರೆ ಇಡುವ ಕ್ಯೂಗೆ ಹಾಕಿ. ಹಣ ಹಾಕುವ ಸಂದೇಶದಲ್ಲಿ ಐಎಫ್‌ಎಸ್‌ಸಿ ಕೋಡೇ ತಪ್ಪಿದ್ದರೆ ಐದು ಸಲ ಸುಮ್ನೆ ಯಾಕೆ, ನೇರ ಅಲ್ಲಿಗೇ ಕಳಿಸಿ. ದಿನಾ ಸಂಜೆ ಯಾರಾದರೂ ಒಬ್ಬರು ಆ ಕ್ಯೂ ತೆರೆದು ನೋಡಬೇಕು.

ಕೊನೆಗೆ, ಹಣ ಹಾಕುವ ಪ್ರೋಗ್ರಾಂ ಓಡುತ್ತಿರುವಾಗಲೇ ಅದನ್ನು ಬೇಕಂತಲೇ ಕೊಂದು ನೋಡಿ. ನೂರು ನಕಲಿ ಪಟ್ಟಿ ಹಾಕಿ, ನಡುನಡುವೆ ಹತ್ತು ಸಲ ಕೊಲ್ಲಿ. ಖಾತೆಯಲ್ಲಿ ಸರಿಯಾಗಿ ನೂರು ಜಮಾ ಕಾಣುವ ತನಕ ಮಂಡಿಗೆ ಕೊಡಬೇಡಿ.