ಗಾಯಕ್ಕೆ ಫೇಜ್ ಚಿಕಿತ್ಸೆ ಬೇಕಾದರೆ ಮೊದಲು ಕಲ್ಚರ್ ಉಳಿಸಿಕೊಳ್ಳಿ

ಮಂಡ್ಯದ ಒಂದು ಲ್ಯಾಬಿನಲ್ಲಿ ಕಲ್ಚರ್, ಅಂದರೆ ರೋಗಿಯ ಸ್ಯಾಂಪಲ್‌ನಿಂದ ಬೆಳೆಸಿದ ಬ್ಯಾಕ್ಟೀರಿಯಾ, ನೋಡುವುದು ನನ್ನ ಕೆಲಸ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯದ ರಿಪೋರ್ಟಿನಲ್ಲಿ ಸಾಲಾಗಿ ‘ಆರ್’ ಬಿದ್ದಿದ್ದರೆ ಆ ಔಷಧಿಗಳಿಗೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ ಎಂದರ್ಥ. ಆಗ ಮನೆಯವರು ಕೇಳುತ್ತಾರೆ: “ಅಕ್ಕಾ, ಬ್ಯಾಕ್ಟೀರಿಯಾನೇ ಕೊಲ್ಲೋ ವೈರಸ್ ಐತಂತಲ್ಲ, ಅದನ್ನ ಹಾಕ್ಸೋದು ಹೆಂಗೆ?”

ಅದೇ ಬ್ಯಾಕ್ಟೀರಿಯೋಫೇಜ್, ಚಿಕ್ಕದಾಗಿ ಫೇಜ್. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ಫೇಜ್ ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದರ ತಂಟೆಗೆ ಹೋಗುವುದಿಲ್ಲ. ಇಬ್ಬರ ಗಾಯದಲ್ಲೂ ಸ್ಯೂಡೋಮೊನಾಸೇ ಇದ್ದರೂ ಒಬ್ಬರಿಗೆ ಹೊಂದಿದ ಫೇಜ್ ಇನ್ನೊಬ್ಬರಿಗೆ ಹೊಂದದೇ ಇರಬಹುದು. ಅದಕ್ಕೇ, ಯಾವ ಫೇಜ್ ಹೊಂದುತ್ತದೆಂದು ನೋಡಲು ನಿಮ್ಮ ಗಾಯದ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಜೀವಂತವಾಗಿರಬೇಕು.

ಸಾಧ್ಯವಾದರೆ ಹೊಸ ಆಂಟಿಬಯಾಟಿಕ್ ಶುರುವಾಗುವ ಮುಂಚೆಯೇ ಸ್ಯಾಂಪಲ್ ಕೊಡಿಸಿ. ಡ್ರೆಸ್ಸಿಂಗ್ ಬಿಚ್ಚಿ ಮೇಲಿನ ಕೀವು ಒರೆಸಿಕೊಟ್ಟರೆ ಪ್ರಯೋಜನ ಕಡಿಮೆ. ಗಾಯವನ್ನು ಸಲೈನ್‌ನಲ್ಲಿ ತೊಳೆದು, ಸತ್ತ ಚರ್ಮ ತೆಗೆದ ಮೇಲೆ, ಆಳದಿಂದ ಚೂರು ಮಾಂಸ ತೆಗೆದು ಕಳಿಸಲು ಡಾಕ್ಟರನ್ನು ಕೇಳಿ. ರಿಪೋರ್ಟ್ ಬಂದ ದಿನವೇ ಲ್ಯಾಬಿಗೆ ಹೇಳಿ: “ಈ ಕಲ್ಚರ್ ಎಸೀಬೇಡಿ, ಗ್ಲಿಸರಾಲ್‌ನಲ್ಲಿ ಫ್ರೀಜ್ ಮಾಡಿಡಿ.” ಕೇಳದಿದ್ದರೆ ಸಾಮಾನ್ಯವಾಗಿ ಎಸೆದುಬಿಡುತ್ತಾರೆ. ಇದೊಂದು ಮಾತು ಮರೆತು ಎಷ್ಟೋ ಜನ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ, ಪಾಪ.

ಫೇಜ್ ಇರುವ ಲ್ಯಾಬಿನಲ್ಲಿ ಆ ಬ್ಯಾಕ್ಟೀರಿಯಾವನ್ನು ಪ್ಲೇಟಿನ ತುಂಬ ಹರಡಿ, ಮೇಲೆ ಫೇಜಿನ ಹನಿ ಇಡುತ್ತಾರೆ. ಮಾರನೇ ದಿನ ಪ್ಲೇಟೆಲ್ಲ ಮಬ್ಬು ಪದರ ಕಟ್ಟಿರುತ್ತದೆ. ಫೇಜ್ ಹೊಂದಿದ್ದರೆ ಹನಿ ಬಿದ್ದ ಜಾಗ ಮಾತ್ರ ತಿಳಿಯಾಗಿ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಮಬ್ಬು ಹಾಗೇ ಇದ್ದರೆ ಬೇರೆ ಫೇಜ್ ಹುಡುಕಬೇಕು.

ನಮ್ಮ ದೇಶದಲ್ಲಿ ಇದಿನ್ನೂ ಮಾಮೂಲಿ ಚಿಕಿತ್ಸೆಯಾಗಿಲ್ಲ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು ವಾಸಿಯಾಗದ ಗಾಯಗಳಿಗೆ ಫೇಜ್ ಹಾಕಿ ಅಧ್ಯಯನ ಮಾಡಿದ್ದಾರೆ. ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ 1923ರಲ್ಲಿ ಶುರುವಾದ ಎಲಿಯಾವಾ ಸಂಸ್ಥೆ ಹೊರದೇಶದ ರೋಗಿಗಳನ್ನೂ ನೋಡುತ್ತದೆ. ಪತ್ರ ವ್ಯವಹಾರ ನಿಮ್ಮ ಡಾಕ್ಟರ್ ಮೂಲಕವೇ ಆಗಲಿ. ಕಲ್ಚರನ್ನು ಸುಮ್ನೆ ಕೊರಿಯರ್‌ಗೆ ಹಾಕುವ ಹಾಗಿಲ್ಲ, ಅದಕ್ಕೆ ಪ್ಯಾಕಿಂಗ್, ಅನುಮತಿ ಎಲ್ಲ ಬೇಕು.

ಆಂಟಿಬಯಾಟಿಕ್ ನೀವೇ ನಿಲ್ಲಿಸಬೇಡಿ. 2016ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಔಷಧಿಗೆ ಬಗ್ಗದ ಸೋಂಕಿನಿಂದ ಸಾಯುವ ಸ್ಥಿತಿಯಲ್ಲಿದ್ದ ಟಾಮ್ ಪ್ಯಾಟರ್ಸನ್ ಎಂಬ ರೋಗಿ ಫೇಜ್‌ನಿಂದ ಬದುಕಿಕೊಂಡರು. ಅವರಿಗೂ ಜೊತೆಯಲ್ಲಿ ಆಂಟಿಬಯಾಟಿಕ್ ಕೊಡುತ್ತಲೇ ಇದ್ದರು. ನಡುವೆ ಬ್ಯಾಕ್ಟೀರಿಯಾ ಮೊದಲ ಫೇಜ್‌ಗಳಿಗೂ ಬಗ್ಗದೆ ಹೊಸದನ್ನು ಹುಡುಕಬೇಕಾಯಿತು.

ನದಿ ನೀರಿನಲ್ಲಿ ಫೇಜ್ ಇರುವುದು ನಿಜ. ಗಂಗೆ, ಯಮುನೆಯ ನೀರು ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಂದು ಬ್ರಿಟಿಷ್ ವಿಜ್ಞಾನಿ ಹ್ಯಾಂಕಿನ್ 1896ರಲ್ಲೇ ಬರೆದಿದ್ದರು. ಹಾಗಂತ ಶ್ರೀರಂಗಪಟ್ಟಣದ ಸಂಗಮದಿಂದ ಕಾವೇರಿ ನೀರು ತಂದು ಗಾಯಕ್ಕೆ ಹಾಕಬೇಡಿ, ಕೈ ಮುಗಿದು ಕೇಳುತ್ತೇನೆ. ಆ ನೀರಿನ ಜೊತೆ ಬೇರೆ ರೋಗಾಣುಗಳೂ ಒಳಗೆ ಹೋಗುತ್ತವೆ. ಚಿಕಿತ್ಸೆಗೆ ಕೊಡುವ ಫೇಜನ್ನು ಬೆಳೆಸಿ, ಸೋಸಿ, ವಿಷಾಂಶ ತೆಗೆದಿರುತ್ತಾರೆ.

ಇಷ್ಟೆಲ್ಲ ನಡೆಯುವಾಗ ಸಕ್ಕರೆ ಹತೋಟಿಯಲ್ಲಿರಲಿ, ಕಾಲಿಗೆ ಭಾರ ಬೀಳದಿರಲಿ. ಜ್ವರ, ಚಳಿ ಬಂದರೆ, ಕೆಂಪು ಮೇಲಕ್ಕೆ ಏರಿದರೆ, ಬೆರಳು ಕಪ್ಪಾದರೆ ಫೇಜ್ ವಿಚಾರ ಬದಿಗಿಟ್ಟು ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.